ಆಲ್ಪ್ಸ್ ದಾಟಿಸ್ತಿದ್ದ ರೋಲಾ ರೈಲಿಗೆ 5ಕ್ಕೆ 4, ಅದು ನಿಂತ ಮೇಲೆ ಉಳಿದಿರೋ ದಾರಿಗಳಿಗೆ ಎಷ್ಟು ಕೊಡ್ಬಹುದು ಅಂತ ಒಂದು ರಿವ್ಯೂ

ಇದು ನಿಂತುಹೋದ ಸರ್ವೀಸ್ ಒಂದರ ರಿವ್ಯೂ. ಜರ್ಮನಿಯ ಫ್ರೈಬುರ್ಗ್‌ನಿಂದ ಇಟಲಿಯ ನೊವಾರಾಕ್ಕೆ ಲಾರಿಗಳನ್ನ ಡ್ರೈವರ್ ಸಮೇತ ರೈಲಿಗೆ ಹತ್ತಿಸಿ ಆಲ್ಪ್ಸ್ ದಾಟಿಸ್ತಿದ್ದ ರೋಲಿಂಗ್ ಹೈವೇ ಬಗ್ಗೆ, ನಮ್ಮ ಲೈನಲ್ಲಿ ಎಲ್ಲರೂ ಅದನ್ನ ರೋಲಾ ಅಂತಾನೇ ಕರೀತಿದ್ರು. 2001ರಿಂದ ಓಡ್ತಿತ್ತು, ರಾಲ್ಪಿನ್ ಅನ್ನೋ ಸ್ವಿಸ್ ಕಂಪನಿ ನಡೆಸ್ತಿತ್ತು, 2025ರ ಕೊನೆಗೆ ನಿಂತಿತು. ಸ್ವಿಸ್ ಸರ್ಕಾರ 2028ರ ತನಕ ಸಬ್ಸಿಡಿ ಕೊಡೋಕೆ ಒಪ್ಪಿತ್ತು, ಆದ್ರೂ ನಡೆಸೋರು ಮೂರು ವರ್ಷ ಮುಂಚೆನೇ ಇನ್ನು ಆಗಲ್ಲ ಅಂದ್ರು. ನಾನು ದಕ್ಷಿಣ ಜರ್ಮನಿಯಲ್ಲಿ ಒಂದು ಫಾರ್ವರ್ಡಿಂಗ್ ಆಫೀಸಲ್ಲಿ ಕೂತು ಇಟಲಿ ಕಡೆ ಹೋಗೋ ಲೋಡ್‌ಗಳಿಗೆ ದಾರಿ ಹಾಕೋ ಕೆಲಸ ಮಾಡ್ತೀನಿ, ರೋಲಾ ನಿಂತಾಗಿಂದ ಇದೇ ಕೆಲಸದಲ್ಲಿರೋ ನಮ್ಮ ಕನ್ನಡದವರು, ಲಾಜಿಸ್ಟಿಕ್ಸ್ ಓದೋಕೆ ಬಂದಿರೋ ಹುಡುಗರು, ಈಗ ಬದಲಿ ದಾರಿ ಯಾವುದು ಸರ್ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಒಂದು ಅಂಕ ಯಾಕೆ ಕಡಿಮೆ ಅಂತ ಆಮೇಲೆ ಹೇಳ್ತೀನಿ, ನಾಲ್ಕು ಯಾಕೆ ಕೊಟ್ಟೆ ಅನ್ನೋದು ಮೊದಲು.

ರೋಲಾ ಹೆಂಗೆ ಕೆಲಸ ಮಾಡ್ತಿತ್ತು ಅಂದ್ರೆ, ಲಾರಿ ಟರ್ಮಿನಲ್‌ಗೆ ಬರುತ್ತೆ, ಪೇಪರ್ ನೋಡ್ತಾರೆ, ಎತ್ತರ ನೋಡ್ತಾರೆ, ನಾಲ್ಕು ಮೀಟರ್ ಮೂಲೆ ಎತ್ತರದ, ಅಂದ್ರೆ ಮೇಲಿನ ಮೂಲೆ ನೆಲದಿಂದ ನಾಲ್ಕು ಮೀಟರ್ ಇರೋ, ಮಾಮೂಲಿ ಯುರೋಪಿಯನ್ ಟ್ರೇಲರ್ ಆದ್ರೆ ಸರಿಯಾಗಿ ಹಿಡಿಸುತ್ತೆ. ರೈಲಿನ ಒಂದು ತುದಿಯಲ್ಲಿ ರ‍್ಯಾಂಪ್. ಮೊದಲ ಲಾರಿಯವನು ಹತ್ತಿ ಎಲ್ಲಾ ವ್ಯಾಗನ್‌ಗಳ ಮೇಲೂ ಹಾದು ಮುಂದಿನ ತುದಿ ತನಕ ಓಡಿಸ್ಕೊಂಡು ಹೋಗ್ಬೇಕು, ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಹೀಗೆ ಒಂದು ರೈಲಿಗೆ ಇಪ್ಪತ್ತರ ಆಸುಪಾಸು ಲಾರಿ. ಎರಡೂ ಪಕ್ಕ ಜಾಗ ಬಹಳ ಕಮ್ಮಿ, ಕನ್ನಡಿ ಮಡಚಿಕೊಂಡು ನಡಿಗೆ ವೇಗದಲ್ಲಿ ಹೋಗ್ತಾರೆ, ಹೊಸ ಡ್ರೈವರ್‌ಗಳಿಗೆ ಮೊದಲ ಸಲ ಕೈ ನಡುಗುತ್ತೆ. ನಿಲ್ಸಿದ ಮೇಲೆ ಹ್ಯಾಂಡ್‌ಬ್ರೇಕ್, ಗಾಲಿಗೆ ಅಡ್ಡಗಟ್ಟೆ, ಆಮೇಲೆ ಡ್ರೈವರ್ ಬ್ಯಾಗ್ ತಗೊಂಡು ಮಲಗೋ ಬರ್ತ್ ಇರೋ ಬೋಗಿಗೆ ಹೋಗ್ತಾನೆ. ವ್ಯಾಗನ್ ತಗ್ಗಿರ್ಬೇಕಲ್ಲ, ಅದಕ್ಕೆ ಅದರ ಚಕ್ರಗಳು ಸಣ್ಣವು, ಮಾಮೂಲಿ ಗೂಡ್ಸ್ ವ್ಯಾಗನ್ ಚಕ್ರ 92 ಸೆಂ.ಮೀ. ಇದ್ರೆ ಇದರದ್ದು 40 ಸೆಂ.ಮೀ.ಗೂ ಕಮ್ಮಿ. ವ್ಯಾಗನ್ ಕೆಳಗಿನ ಒಂದೊಂದು ಚಕ್ರದ ಚೌಕಟ್ಟಿಗೂ ನಾಲ್ಕು ಆಕ್ಸಲ್, ಪುಟ್ಟ ಪುಟ್ಟ ಚಕ್ರಗಳ ಸಾಲು ನೋಡಿದ್ರೆ 40 ಟನ್ ಲಾರಿ ಇದರ ಮೇಲೆ ನಿಲ್ಲುತ್ತಾ ಅಂತ ಅನ್ಸುತ್ತೆ, ನಿಲ್ತಿತ್ತು.

ಅಲ್ಲಿಂದ 400 ಕಿ.ಮೀ.ಗೂ ಸ್ವಲ್ಪ ಜಾಸ್ತಿ ದಾರಿ, ಬಾಸೆಲ್, ಬರ್ನ್ ಕಡೆಯಿಂದ ಲೋಚ್‌ಬರ್ಗ್ ಬೇಸ್ ಟನಲ್ (ಬೆಟ್ಟದ ಬುಡದಲ್ಲೇ ಹಾದುಹೋಗೋ ಉದ್ದದ ಸುರಂಗ), ಅದಾದ್ಮೇಲೆ ಸಿಂಪ್ಲಾನ್ ಟನಲ್, ದೊಮೊದೊಸ್ಸೊಲಾ, ನೊವಾರಾ. ಒಂಬತ್ತು ಹತ್ತು ಗಂಟೆ. ಕಾರಲ್ಲಿ ಹೋಗೋರಿಗೆ ಇದು ನಿಧಾನ ಅನ್ಸುತ್ತೆ, ಆದ್ರೆ ಲಾರಿ ಲೆಕ್ಕ ಬೇರೆ. ಯುರೋಪಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ್ರೆ 45 ನಿಮಿಷ ನಿಲ್ಸಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಓಡಿಸೋದು, ಆಮೇಲೆ 11 ಗಂಟೆ ರೆಸ್ಟ್, ಗಾಡಿಯಲ್ಲಿರೋ ಟ್ಯಾಕೋಗ್ರಾಫ್ ಅನ್ನೋ ಮೀಟರ್ ಎಲ್ಲಾ ಬರ್ಕೊಳ್ತಾ ಇರುತ್ತೆ, ಯಾರೂ ತಪ್ಪಿಸ್ಕೊಳ್ಳೋ ಹಂಗಿಲ್ಲ. ರೈಲಲ್ಲಿ ಬರ್ತ್ ಇದ್ರೆ ಆ ಹೊತ್ತು ರೆಸ್ಟ್ ಲೆಕ್ಕಕ್ಕೆ ಬರುತ್ತೆ, ಹತ್ತಿಸೋಕೆ ಇಳಿಸೋಕೆ ಅಂತ ಎರಡು ಸಲ, ಒಟ್ಟು ಒಂದು ಗಂಟೆ ಮೀರದಂಗೆ ಮಧ್ಯೆ ಎದ್ದು ಲಾರಿ ಕದಲಿಸ್ಬಹುದು. ಅಂದ್ರೆ ಸಂಜೆ ಫ್ರೈಬುರ್ಗಲ್ಲಿ ಹತ್ತಿದ ಡ್ರೈವರ್ ಬೆಳಿಗ್ಗೆ ನೊವಾರಾದಲ್ಲಿ ನಿದ್ದೆ ಮುಗಿಸಿ ಇಳಿದು ಪೂರ್ತಿ ದಿನದ ಗಂಟೆ ಕೈಲಿಟ್ಕೊಂಡು ಟೂರಿನ್ ಕಡೆನೋ ಮಿಲಾನ್ ಕಡೆನೋ ಹೊರಡ್ತಿದ್ದ. ಪ್ಲ್ಯಾನ್ ಹಾಕೋರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಅದರ ಮೇಲೆ ಸ್ವಿಟ್ಜರ್ಲೆಂಡ್ ರಸ್ತೆ ರೂಲ್ಸ್ ಒಂದೂ ತಗುಲ್ತಿರಲಿಲ್ಲ. ರಸ್ತೆ ಮೇಲಾದ್ರೆ ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಲಾರಿ ಓಡೋ ಹಾಗಿಲ್ಲ, ಭಾನುವಾರ ಇಲ್ಲ, ಎಲ್‌ಎಸ್‌ವಿಎ ಅಂತ ದೂರ, ತೂಕ, ಹೊಗೆ ಮೂರೂ ಸೇರಿಸಿ ಹಾಕೋ ಚಾರ್ಜ್ 2001ರಿಂದ ಇದೆ, ಗೊಥಾರ್ಡ್ ರಸ್ತೆ ಸುರಂಗಕ್ಕೆ ಮುಂಚೆ ಎರ್ಸ್ಟ್‌ಫೆಲ್ಡ್ ಹತ್ರ ಲಾರಿಗಳನ್ನ ತಡೆದು ಚೆಕ್ ಮಾಡಿ ಇಷ್ಟಿಷ್ಟೇ ಅಂತ ಬಿಡ್ತಾರೆ. ಸ್ವಿಸ್ ಜನ 1994ರಲ್ಲಿ ವೋಟ್ ಹಾಕಿ, ಆಲ್ಪ್ಸ್ ದಾಟೋ ಸರಕು ರೈಲಿಗೆ ಹೋಗ್ಬೇಕು ಅಂತ ಸಂವಿಧಾನದಲ್ಲೇ ಬರೆಸಿದಾರೆ, ವರ್ಷಕ್ಕೆ 6.5 ಲಕ್ಷ ಲಾರಿ ಮಾತ್ರ ಅನ್ನೋದು ಗುರಿ, ಈಗಲೂ ಒಂಬತ್ತು ಲಕ್ಷದ ಮೇಲೆ ಓಡ್ತಿವೆ, ಆದ್ರೂ ಸರಕಿನ ನೂರರಲ್ಲಿ ಸುಮಾರು 70 ಪಾಲು ರೈಲಲ್ಲೇ ಹೋಗುತ್ತೆ. ನನಗೆ ಈ ನೀತಿ ಬಗ್ಗೆ ನಿಜವಾಗ್ಲೂ ಗೌರವ ಇದೆ, ಕಣಿವೆಯಲ್ಲಿ ಬದುಕೋ ಜನಕ್ಕೆ ಹೊಗೆ ಸದ್ದು ಯಾಕೆ ಬೇಕು. ಆದ್ರೆ ಈ ನೀತಿ ನಡೀಬೇಕು ಅಂದ್ರೆ ರೈಲು ಕಡೆ ಬಾಗಿಲು ಸಣ್ಣ ಲಾರಿ ಮಾಲೀಕನಿಗೂ ತೆಗ್ದಿರ್ಬೇಕು, ಆ ಬಾಗಿಲು ರೋಲಾ ಆಗಿತ್ತು. ಕ್ರೇನ್‌ನಲ್ಲಿ ಎತ್ತೋಕಾಗದ ಮಾಮೂಲಿ ಟ್ರೇಲರ್, ಆಚೆ ಕಡೆ ಎಳೆಯೋಕೆ ಬೇರೆ ಟ್ರ್ಯಾಕ್ಟರ್ (ಟ್ರೇಲರ್ ಎಳೆಯೋ ಎಂಜಿನ್ ಗಾಡಿ) ಇಲ್ಲ, ಆಫೀಸ್ ಇಲ್ಲ, ಒಂದೇ ಲಾರಿ ಒಬ್ಬನೇ ಡ್ರೈವರ್ ಅನ್ನೋರು ಕೂಡ ಸ್ಲಾಟ್ ಬುಕ್ ಮಾಡಿ ಹತ್ತಬಹುದಿತ್ತು.

ನಮ್ಮ ಕರಾವಳಿಯವರಿಗೆ ಇದೇನು ಹೊಸದಲ್ಲ ಬಿಡಿ, ಕೊಂಕಣ ರೈಲ್ವೆ 1999ರಿಂದ ರೋರೋ ಓಡಿಸ್ತಿದೆ, ಕೋಲಾಡ್, ವೆರ್ನಾ, ಸುರತ್ಕಲ್, ಹೈವೇಲಿ ಹೋಗೋ ಲಾರಿಗಳು ರೈಲ್ ಮೇಲೆ ಸಾಲಾಗಿ ನಿಂತು ಹೋಗೋದನ್ನ ನೋಡಿರ್ತೀರ. 2020ರಲ್ಲಿ ನೆಲಮಂಗಲದಿಂದ ಸೋಲಾಪುರದ ಹತ್ರ ಬಾಳೆಗೂ ಶುರುವಾಯ್ತು. ಐಡಿಯಾ ಒಂದೇ. ಆದ್ರೆ ನಮ್ಮಲ್ಲಿ ಮಾಮೂಲಿ ಎತ್ತರದ ಚಪ್ಪಟೆ ವ್ಯಾಗನ್ ಮೇಲೇ ಲಾರಿ ನಿಲ್ಲಿಸ್ತಾರೆ, ಆಲ್ಪ್ಸ್ ಟನಲ್‌ಗಳು ಅದಕ್ಕೆ ಜಾಗ ಕೊಡಲ್ಲ, ಅದಕ್ಕೇ ಆ ಪುಟ್ಟ ಚಕ್ರ.

ಆ ಪುಟ್ಟ ಚಕ್ರಾನೇ ಒಂದು ಅಂಕ ಕಳೆಯೋಕೂ ಕಾರಣ. ಸಣ್ಣ ಚಕ್ರ ಅದೇ ದೂರಕ್ಕೆ ಎರಡರಷ್ಟಕ್ಕಿಂತ ಜಾಸ್ತಿ ಸಲ ಸುತ್ತಬೇಕು, ಬೇಗ ಸವೆಯುತ್ತೆ, ರಿಪೇರಿ ಖರ್ಚು ತುಂಬಾ. ಸರಕಿನ ಜೊತೆ ಟ್ರ್ಯಾಕ್ಟರ್, ಕ್ಯಾಬಿನ್, ಡೀಸೆಲ್, ಡ್ರೈವರ್, ಅವನು ಮಲಗೋ ಬೋಗಿ ಎಲ್ಲಾ ಹೊರಬೇಕು, ಅಂದ್ರೆ ಕಾಸು ಬಾರದ ತೂಕ ಜಾಸ್ತಿ. ಸಬ್ಸಿಡಿ ಇಲ್ದೆ ನಡೆಯೋ ಮಾತೇ ಇರಲಿಲ್ಲ. ವ್ಯಾಗನ್‌ಗಳು ಹಳೇದಾದ್ವು, ಜರ್ಮನಿ, ಸ್ವಿಸ್, ಇಟಲಿ ಮೂರೂ ಕಡೆ ಹಳಿ ಕೆಲಸ ಅಂತ ಲೈನ್ ಬಂದ್ ಆಗೋದು ಜಾಸ್ತಿ ಆಯ್ತು, ರೈಲು ಕ್ಯಾನ್ಸಲ್ ಆದ್ರೆ ಲಾರಿಯವನು ಒಂದು ಸಲ ಕಾಯ್ತಾನೆ, ಎರಡು ಸಲ ಕಾಯ್ತಾನೆ, ಮೂರನೇ ಸಲ ರಸ್ತೆಗೇ ಹೋಗ್ತಾನೆ, ಅವನು ಹೋದ್ರೆ ರೈಲು ಖಾಲಿ, ಖಾಲಿ ಇದ್ರೆ ನಷ್ಟ. ಹೀಗೆ ಸುತ್ತಿ ಸುತ್ತಿ ನಿಂತಿತು. ನಡೆಸ್ತಿದ್ದವರ ತಪ್ಪು ಅಂತ ನಾನು ಹೇಳಲ್ಲ, ಅವರ ಲೆಕ್ಕದಲ್ಲಿ ಅದು ನಷ್ಟಾನೇ.

ಆದ್ರೆ ಲೆಕ್ಕ ಹಾಕಿದ ರೀತಿ ಬಗ್ಗೆ ನನಗೆ ದೊಡ್ಡ ತಕರಾರಿದೆ, ಈ ರಿವ್ಯೂ ಬರೆಯೋಕೆ ಅದೇ ನಿಜವಾದ ಕಾರಣ. ಎಲ್ಲರೂ ಮಾಮೂಲಿ ದಿನದ ಲೆಕ್ಕ ಹಾಕ್ತಾರೆ, ಇವತ್ತು ಎಷ್ಟು ಲಾರಿ ಹತ್ತಿದ್ವು, ಒಂದು ಲಾರಿಗೆ ಎಷ್ಟು ಸಬ್ಸಿಡಿ ಹೋಯ್ತು ಅಂತ. ಬೆಟ್ಟದ ದಾರಿ ಮುಚ್ಚಿದ ದಿನ ಅದು ಎಷ್ಟು ಉಳಿಸುತ್ತೆ ಅನ್ನೋದು ಯಾರ ಪುಸ್ತಕದಲ್ಲೂ ಬರಲ್ಲ. ಬದಲಿ ದಾರಿ ಅಂದ್ರೆ ಮ್ಯಾಪಲ್ಲಿ ಕಾಣೋ ಇನ್ನೊಂದು ಗೆರೆ ಅಲ್ಲ, ದಿನಾ ಯಾರೋ ಅದರಲ್ಲಿ ಓಡ್ತಾ, ಅದಕ್ಕೆ ದುಡ್ಡು ಕೊಡ್ತಾ, ಅದರ ಪೇಪರ್ ಗೊತ್ತಿರೋ ಜನ ಇಟ್ಕೊಂಡಿದ್ರೆ ಮಾತ್ರ ಅದು ದಾರಿ.

2023ರ ಆಗಸ್ಟ್ 10 ನೋಡಿ. ಗೊಥಾರ್ಡ್ ಬೇಸ್ ಟನಲ್, 57 ಕಿ.ಮೀ., ಪ್ರಪಂಚದ ಅತಿ ಉದ್ದದ ರೈಲು ಸುರಂಗ, 2016ರಲ್ಲಿ ಓಪನ್ ಆಗಿದ್ದು. ಒಂದು ಗೂಡ್ಸ್ ರೈಲಿನ ಒಂದು ಚಕ್ರ ಒಡೆದು ಹಳಿ ತಪ್ಪಿತು, ಸುಮಾರು 7 ಕಿ.ಮೀ. ಹಳಿ ಹಾಳು, ಪೂರ್ತಿ ಸರಿ ಹೋಗೋಕೆ 2024ರ ಸೆಪ್ಟೆಂಬರ್ 2 ಬಂತು. ಎಲ್ಲರೂ ಅಂದ್ರು, ಪರವಾಗಿಲ್ಲ ಮೇಲೆ ಹಳೇ ಗೊಥಾರ್ಡ್ ಬೆಟ್ಟದ ಲೈನ್ ಇದೆಯಲ್ಲ ಅಂತ. ಇದೆ, 1882ರದ್ದು. ಪ್ಯಾಸೆಂಜರ್ ರೈಲುಗಳನ್ನ ಅಲ್ಲಿಗೆ ತಿರುಗಿಸಿದ್ರು ಕೂಡ. ಆದ್ರೆ ಅದರ ಸುರಂಗಗಳಲ್ಲಿ ನಾಲ್ಕು ಮೀಟರ್ ಮೂಲೆ ಎತ್ತರದ ಟ್ರೇಲರ್ ಹಿಡಿಸಲ್ಲ, ಆ ಎತ್ತರಕ್ಕೆ ಗೊಥಾರ್ಡ್ ಕಾರಿಡಾರ್ ಪೂರ್ತಿ ತಯಾರಾಗಿದ್ದೇ 2020ರಲ್ಲಿ, ಅದೇ ಲೈನಲ್ಲಿ ದಕ್ಷಿಣಕ್ಕಿರೋ ಚೆನೆರಿ ಬೇಸ್ ಟನಲ್ ಜೊತೆಗೆ. ಅಂದ್ರೆ ಬದಲಿ ಲೈನ್ ಕಣ್ಣೆದುರಿಗೇ ಇದ್ರೂ ಇವತ್ತಿನ ಸರಕಿಗೆ ಅದು ಬದಲಿ ಅಲ್ಲ. ಎರಡು ವಾರದ ಹತ್ರ ಆದ್ಮೇಲೆ ಬೇಸ್ ಟನಲ್ಲಿನ ಎರಡು ಕೊಳವೆಗಳಲ್ಲಿ ಕೆಡದೇ ಉಳಿದ ಇನ್ನೊಂದರಲ್ಲಿ ಗೂಡ್ಸ್ ಬಿಡೋಕೆ ಶುರು ಮಾಡಿದ್ರು. ಆ ಅಪಘಾತದಿಂದ ರೋಲಾ ದಾರಿಗೆ ಏನೂ ಆಗಿರಲಿಲ್ಲ, ಯಾಕಂದ್ರೆ ಅದು ಲೋಚ್‌ಬರ್ಗಲ್ಲಿ ಹೋಗೋದು, ಬೇರೆ ಬೆಟ್ಟ, ಬೇರೆ ಸುರಂಗ.

ಇನ್ನೊಂದು, 2017ರಲ್ಲಿ ಜರ್ಮನಿಯ ರಾಸ್ಟಾಟ್ ಊರಲ್ಲಿ ಆಗಿದ್ದು. ಅದು ಬೆಟ್ಟದಲ್ಲಿ ಆಗಿದ್ದಲ್ಲ, ಬೆಟ್ಟಕ್ಕೆ ಹೋಗೋ ರೈನ್ ಕಣಿವೆ ಲೈನಲ್ಲಿ. ಆಗಸ್ಟ್ 12ಕ್ಕೆ ಕೆಳಗೆ ಹೊಸ ಸುರಂಗ ಕೊರೀತಾ ಇದ್ದಾಗ ಮೇಲಿನ ಹಳಿ ಕುಸಿದು ಹೋಯ್ತು, ಅಕ್ಟೋಬರ್ 2ರ ತನಕ ಬಂದ್, ಉತ್ತರ ಸಮುದ್ರದ ಬಂದರುಗಳಿಂದ ಇಟಲಿಗೆ ಹೋಗೋ ಮುಖ್ಯ ಲೈನ್ ಅದು. ಜರ್ಮನಿಯೊಳಗಿನ ಬದಲಿ ಲೈನಲ್ಲೂ ಆಗಲೇ ರಿಪೇರಿ ಕೆಲಸ ನಡೀತಿತ್ತು. ಪಕ್ಕದಲ್ಲೇ ಫ್ರಾನ್ಸ್‌ನ ಅಲ್ಸಾಸ್ ಕಡೆ ಒಳ್ಳೆ ಲೈನ್ ಇದೆ, ಜಾಗ ಕೂಡ ಇತ್ತು, ಆದ್ರೆ ಆ ಲೈನ್ ಗೊತ್ತಿರೋ, ಫ್ರೆಂಚ್ ಬರೋ ಲೋಕೋ ಪೈಲಟ್‌ಗಳು ಸಾಕಷ್ಟು ಇರಲಿಲ್ಲ, ಅಲ್ಲಿ ಓಡೋಕೆ ಪರ್ಮಿಷನ್ ಇರೋ ಎಂಜಿನ್‌ಗಳೂ ಇರಲಿಲ್ಲ. ಹಳಿ ಇದೆ, ಎಂಜಿನ್ ಇಲ್ಲ, ಓಡಿಸೋಕೆ ಜನ ಇಲ್ಲ. ರೈಲು ಸರಕಿನ ಸಂಘಟನೆಗಳು ಆಮೇಲೆ ಮಾಡಿಸಿದ ಲೆಕ್ಕದಲ್ಲಿ ನಷ್ಟ 200 ಕೋಟಿ ಯೂರೋ ದಾಟಿತ್ತು. ಆವಾಗ್ಲೂ ನೋಡಿ, ಮುರಿದ ಜಾಗ ಫ್ರೈಬುರ್ಗ್‌ಗಿಂತ ಉತ್ತರಕ್ಕೆ, ಲಾರಿಯವನು ಹೈವೇಲಿ ಫ್ರೈಬುರ್ಗ್ ಮುಟ್ಟಿಬಿಟ್ರೆ ಅಲ್ಲಿಂದ ದಕ್ಷಿಣಕ್ಕೆ ಹಳಿ ಸರಿಯಾಗಿತ್ತು. ರಸ್ತೆ, ರೈಲು ಎರಡನ್ನೂ ಜೋಡಿಸೋ ಇಂಥ ಜಾಗಗಳು ನಡುವೆ ಇದ್ರೆ ಒಂದು ಕಡೆ ಮುರಿದಿದ್ದು ಪೂರ್ತಿ ಕಾರಿಡಾರ್‌ನ ಕೆಡಿಸಲ್ಲ. ರಾಸ್ಟಾಟ್ ಆದ್ಮೇಲೆ ಯುರೋಪಿನ ರೈಲ್ವೆಗಳು ಸೇರಿ, ಲೈನ್ ಬಂದ್ ಆದ್ರೆ ಯಾವ ರೈಲು ಯಾವ ಕಡೆ ತಿರುಗಿಸ್ಬೇಕು ಅಂತ ಒಂದು ಕೈಪಿಡಿ ಮಾಡಿದ್ರು, ಒಳ್ಳೇದೇ. ಆದ್ರೆ ಫ್ರೆಂಚ್ ಬರೋ ಡ್ರೈವರ್‌ನ ಸಂಬಳ ಕೊಟ್ಟು ಇಟ್ಕೊಳ್ಳೋರು ಯಾರು ಅನ್ನೋದನ್ನ ಕೈಪಿಡಿ ತೀರ್ಮಾನ ಮಾಡೋಕಾಗಲ್ಲ.

ಸರಿ, ಈಗ ಉಳಿದಿರೋ ದಾರಿಗಳು.

ಬ್ರೆನ್ನರ್, 5ಕ್ಕೆ 3. ಮ್ಯೂನಿಕ್, ಇನ್ಸ್‌ಬ್ರುಕ್, ವೆರೋನಾ. ಎತ್ತರ 1,370 ಮೀಟರ್ ಅಷ್ಟೇ, ಆಲ್ಪ್ಸ್ ದೊಡ್ಡ ಪಾಸ್‌ಗಳಲ್ಲಿ ತಗ್ಗಿನದು, ಪೂರ್ತಿ ಯುರೋಪಿಯನ್ ಯೂನಿಯನ್ ಒಳಗೇ ಇರೋದ್ರಿಂದ ಕಸ್ಟಮ್ಸ್ ಪೇಪರ್ ತಲೆನೋವಿಲ್ಲ, ಅದಕ್ಕೇ ವರ್ಷಕ್ಕೆ 24 ಲಕ್ಷದ ಆಸುಪಾಸು ಲಾರಿ ಇದೊಂದರಲ್ಲೇ ನುಗ್ಗುತ್ತೆ. ನನ್ನ ಭಯ ಇರೋದೂ ಅಲ್ಲೇ. ಆಸ್ಟ್ರಿಯಾದ ಟಿರೋಲ್‌ನವರು ರಾತ್ರಿ ನಿಷೇಧ, ಕೆಲವು ಸರಕಿಗೆ ನಿಷೇಧ, ಚಳಿಗಾಲದ ಶನಿವಾರ ನಿಷೇಧ ಎಲ್ಲಾ ಹಾಕಿದಾರೆ, ದಟ್ಟಣೆ ದಿನಗಳಲ್ಲಿ ಕುಫ್‌ಸ್ಟೈನ್ ಹತ್ರ ಗಂಟೆಗೆ 300 ಲಾರಿ ಮಾತ್ರ ಬಿಡ್ತಾರೆ, ಉಳಿದವು ಜರ್ಮನಿ ಕಡೆ ಸಾಲಲ್ಲಿ. ಇಟಲಿ ಇದನ್ನೆಲ್ಲಾ ಪ್ರಶ್ನೆ ಮಾಡಿ 2024ರಲ್ಲಿ ಯುರೋಪಿಯನ್ ಕೋರ್ಟಿಗೇ ಹೋಯ್ತು. ಇದರ ಜೊತೆ ಪಾಸ್ ಹತ್ರ ಲೂಗ್ ಸೇತುವೆ ಅಂತ ಒಂದಿದೆ, 1960ರ ದಶಕದ್ದು, 1.8 ಕಿ.ಮೀ. ಉದ್ದ, ಸವೆದು ಹೋಗಿದೆ, 2025ರ ಜನವರಿ 1ರಿಂದ ಅದರ ಮೇಲೆ ಮಾಮೂಲಿ ದಿನ ಪ್ರತಿ ದಿಕ್ಕಿಗೆ ಒಂದೇ ಲೇನ್. ತುಂಬಾ ರಶ್ ಇರೋ ದಿನ ಎರಡು ಲೇನ್ ಬಿಡ್ತಾರೆ, ಆಗ ಭಾರದ ಗಾಡಿಗಳೆಲ್ಲ ಒಳಗಿನ ಲೇನಲ್ಲೇ ಹೋಗ್ಬೇಕು, ಸೇತುವೆ ಅಂಚಿಗೆ ತೂಕ ಬೀಳಬಾರದು ಅಂತ. ಹೊಸ ಸೇತುವೆ ಕಟ್ತಿದಾರೆ, 2030ರ ಹೊತ್ತಿಗೆ ಪೂರ್ತಿ ಮುಗಿಯುತ್ತಂತೆ. 55 ಕಿ.ಮೀ.ನ ಬ್ರೆನ್ನರ್ ಬೇಸ್ ಟನಲ್ ರೈಲಿಗೆ 2032 ಅಂತಿದಾರೆ. ಅಲ್ಲಿ ತನಕ ಇಟಲಿ ಜರ್ಮನಿ ನಡುವಿನ ರಸ್ತೆ ವ್ಯಾಪಾರದ ದೊಡ್ಡ ಪಾಲು ಒಂದು ಮುದಿ ಸೇತುವೆ ಮೇಲಿದೆ, ಇದನ್ನ ಬರೀವಾಗ್ಲೂ ನನಗೆ ಹೊಟ್ಟೆಯೊಳಗೆ ಒಂಥರಾ ಆಗುತ್ತೆ.

ಟೌವರ್ನ್ ದಾರಿ, 5ಕ್ಕೆ 3.5. ಸಾಲ್ಜ್‌ಬುರ್ಗ್, ಫಿಲಾಖ್, ತಾರ್ವಿಸಿಯೊ, ಉದಿನೆ. ಬ್ರೆನ್ನರ್ ಬಂದ್ ಆದ್ರೆ ಮೊದಲು ಎಲ್ಲರ ಬಾಯಲ್ಲಿ ಬರೋದು ಇದೇ. ವೆನಿಸ್, ಟ್ರಿಯೆಸ್ಟ್ ಕಡೆ ಲೋಡ್ ಆದ್ರೆ ನಿಜವಾಗ್ಲೂ ಒಳ್ಳೆ ದಾರಿ, ಮಿಲಾನ್ ಕಡೆ ಆದ್ರೆ ಸುತ್ತು. 2023ರ ಸೆಪ್ಟೆಂಬರ್‌ನಿಂದ 2025ರ ತನಕ ಸುರಂಗಗಳ ರಿಪೇರಿ ಇತ್ತು, ಆ ಹೊತ್ತಲ್ಲಿ ಇದನ್ನ ನಂಬೋಕಾಗ್ತಿರಲಿಲ್ಲ, ಈಗ ಸರಿ ಇದೆ.

ಸ್ವಿಸ್ ರಸ್ತೆ, ಅಂದ್ರೆ ಗೊಥಾರ್ಡ್ ಮತ್ತೆ ಸಾನ್ ಬೆರ್ನಾರ್ಡಿನೊ, 5ಕ್ಕೆ 2.5. ರಸ್ತೆ ಕೆಟ್ಟದ್ದು ಅಂತ ಅಲ್ಲ, ರಸ್ತೆಗಳು ಅದ್ಭುತ. 2024ರ ಜೂನ್ 21ರ ಮಳೆಗೆ ಸಾನ್ ಬೆರ್ನಾರ್ಡಿನೊ ದಾರಿಯ ಹೈವೇ ಮೆಸೊಕ್ಕೊ ಹತ್ರ ಸುಮಾರು 200 ಮೀಟರ್ ಕೊಚ್ಚಿಹೋಯ್ತು, ತಿಂಗಳುಗಟ್ಟಲೆ ಆಗುತ್ತೆ ಅಂದ್ಕೊಂಡ್ರೆ ಜುಲೈ 5ಕ್ಕೆ ಗಾಡಿ ಬಿಟ್ರು, ಆ ಕೆಲಸ ಮಾಡಿದವರಿಗೆ ಕೈ ಮುಗೀಬೇಕು. ಅಂಕ ಕಮ್ಮಿ ಮಾಡಿದ್ದು ಪೇಪರ್‌ಗೆ. ಸ್ವಿಟ್ಜರ್ಲೆಂಡ್ ಯೂನಿಯನ್‌ನಲ್ಲಿ ಇಲ್ಲ, ಜರ್ಮನಿ ಸರಕು ಇಟಲಿಗೇ ಹೋಗ್ತಿದ್ರೂ ಸ್ವಿಸ್ ನೆಲ ತುಳಿದ್ರೆ ಸರಕು ಯೂನಿಯನ್ನಿಂದ ಯೂನಿಯನ್ನಿಗೇ ಹೋಗ್ತಿದೆ ಅಂತ ತೋರಿಸೋ ಟಿ2 ಟ್ರಾನ್ಸಿಟ್ ಡಾಕ್ಯುಮೆಂಟ್ ಬೇಕು, ಅದಕ್ಕೆ ಗ್ಯಾರಂಟಿ ಬೇಕು, ಎಲ್‌ಎಸ್‌ವಿಎ ಕಟ್ಟೋ ವ್ಯವಸ್ಥೆ ಗಾಡಿಯಲ್ಲಿ ಇರ್ಬೇಕು, ತೂಕ 40 ಟನ್ ಮೀರಬಾರದು.

ಇದು ಎಷ್ಟು ಜನಕ್ಕೆ ಗೊತ್ತಾಗಲ್ಲ ಅಂದ್ರೆ, ಒಂದು ಸಲ ಬ್ರೆನ್ನರ್ ಕಡೆ ಭಾರೀ ಬ್ಲಾಕ್ ಆದಾಗ ಒಬ್ಬ ಟ್ರಾನ್ಸ್‌ಪೋರ್ಟರ್, ಹೆಸರು ಬೇಡ, ತಾನೇ ತೀರ್ಮಾನ ಮಾಡಿ ನಮ್ಮ ಲೋಡನ್ನ ಸ್ವಿಸ್ ಕಡೆ ತಿರುಗಿಸಿದ. ಮ್ಯಾಪ್ ನೋಡಿದ್ರೆ ಸರಿಯಾದ ನಿರ್ಧಾರ. ಗಡಿಗೆ ಹೋದ್ಮೇಲೆ ಟಿ2 ಇಲ್ಲ, ಅದನ್ನ ಮಾಡಿಸೋಕೆ ನಮ್ಮ ಕಡೆ ಕಸ್ಟಮ್ಸ್ ಡಿಕ್ಲರೇಷನ್ ಮಾಡೋ ಏಜೆಂಟ್ ಆಫೀಸ್ ಮುಚ್ಚಿತ್ತು, ಅಷ್ಟರಲ್ಲಿ ರಾತ್ರಿ ನಿಷೇಧ ಶುರು. ಡ್ರೈವರ್ ಪಾರ್ಕಿಂಗಲ್ಲಿ ರಾತ್ರಿ ಕಳೆದ, ಫೋನಲ್ಲಿ ಅವನ ದನಿ ಕೇಳಿ ನಮಗೇ ಸಂಕಟ ಆಯ್ತು, ಪಾಪ ಅವನದ್ದೇನೂ ತಪ್ಪಿರಲಿಲ್ಲ. ಬ್ರೆನ್ನರ್ ಸಾಲಲ್ಲೇ ನಿಂತಿದ್ದ ಗಾಡಿ ಅವನಿಗಿಂತ ಮುಂಚೆ ಇಳಿಸಿ ಬಂತು. ಆವತ್ತಿಂದ ನಾನು ಇಟಲಿಗೆ ರೆಗ್ಯುಲರ್ ಹೋಗೋ ಯಾವ ಟ್ರಾನ್ಸ್‌ಪೋರ್ಟರ್ ಹತ್ರ ಮಾತಾಡಿದ್ರೂ ಮೊದಲು ಕೇಳೋದು ಬಾಡಿಗೆ ಅಲ್ಲ, ಆಸ್ಟ್ರಿಯಾದ ಟೋಲ್ ಬಾಕ್ಸ್, ಸ್ವಿಸ್ ಚಾರ್ಜ್ ಸಾಧನ, ಇಟಲಿ ಟೋಲ್ ಸಾಧನ ಮೂರೂ ಗಾಡಿಯಲ್ಲಿ ಇದಾವಾ ಅಂತ.

ಫ್ರಾನ್ಸ್ ಇಟಲಿ ನಡುವಿನ ಮಾಂಟ್ ಬ್ಲಾಂಕ್, ಫ್ರೆಜುಸ್ ಕಡೆ, 5ಕ್ಕೆ 2. ದಕ್ಷಿಣ ಜರ್ಮನಿಯಿಂದ ನಮಗೆ ದೂರ, ಆದ್ರೂ ಹೇಳ್ಬೇಕು, ಯಾಕಂದ್ರೆ ಬದಲಿ ದಾರಿ ಪಾಠ ಇಡೀ ಯುರೋಪ್ ಕಲಿತಿದ್ದು ಇಲ್ಲಿ. 1999ರ ಮಾರ್ಚ್ 24ಕ್ಕೆ ಮಾಂಟ್ ಬ್ಲಾಂಕ್ ಸುರಂಗದೊಳಗೆ ಹಿಟ್ಟು, ಮಾರ್ಗರೀನ್ ತುಂಬಿದ್ದ ಲಾರಿಗೆ ಬೆಂಕಿ ಹತ್ತಿ 39 ಜನ ಸತ್ತರು, ಸುರಂಗ ಮೂರು ವರ್ಷ ಮುಚ್ಚಿತು. ಅಲ್ಲಿನ ಲಾರಿಗಳು ಬೇರೆ ದಾರಿಗೆ ಹೊರಳಿದ್ವು. ಅದಿನ್ನೂ ತೆರೆದಿರಲಿಲ್ಲ, 2001ರ ಅಕ್ಟೋಬರ್ 24ಕ್ಕೆ ಗೊಥಾರ್ಡ್ ರಸ್ತೆ ಸುರಂಗದಲ್ಲಿ ಎರಡು ಲಾರಿ ಡಿಕ್ಕಿ, ಬೆಂಕಿ, 11 ಜನ ಹೋದರು, ಅದೂ ಎರಡು ತಿಂಗಳ ಹತ್ರ ಬಂದ್. ಒಂದೇ ಹೊತ್ತಲ್ಲಿ ಎರಡು ದೊಡ್ಡ ಬಾಗಿಲು ಮುಚ್ಚಿದ್ವು. 2018ರ ಆಗಸ್ಟ್‌ನಲ್ಲಿ ನಮ್ಮ ಶಿರಾಡಿ, ಸಂಪಾಜೆ ಎರಡೂ ಒಟ್ಟಿಗೇ ಕುಸಿದಾಗ ಮಂಗಳೂರು ಕಡೆ ಲಾರಿ ಓಡಿಸ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳ್ಬೇಕಾಗಿಲ್ಲ. ಗೊಥಾರ್ಡಲ್ಲಿ ಲಾರಿ ಎಣಿಸಿ ಬಿಡೋ ಪದ್ಧತಿ ಬಂದಿದ್ದು ಆ ಬೆಂಕಿ ಆದ್ಮೇಲೇನೇ, ಡ್ರೈವರ್‌ಗಳು ಅದನ್ನ ಬೈದ್ರೆ ನಾನು ಅವರಿಗೆ ಆ 11 ಜನರ ನೆನಪು ಮಾಡಿಸ್ತೀನಿ.

2023ರಲ್ಲಿ ಇನ್ನೊಂದು ನಡೀತು, ಅದು ಪ್ಲ್ಯಾನಿಂಗ್ ದೃಷ್ಟಿಯಿಂದ ಒಳ್ಳೆ ಕೆಲಸ. ಮಾಂಟ್ ಬ್ಲಾಂಕ್ ಸುರಂಗವನ್ನ ರಿಪೇರಿಗೆ ಸೆಪ್ಟೆಂಬರ್ ಶುರುವಲ್ಲೇ ಮುಚ್ಚೋದು ಅಂತ ಡೇಟ್ ಆಗಿತ್ತು. ಆಗಸ್ಟ್ 27ಕ್ಕೆ ಫ್ರಾನ್ಸ್‌ನ ಮೋರಿಯೆನ್ ಕಣಿವೆಯಲ್ಲಿ ಗುಡ್ಡ ಜಾರಿ ಫ್ರೆಜುಸ್ ಕಡೆಯ ರೈಲು ಲೈನ್ ಮುಚ್ಚಿಹೋಯ್ತು. ಮಾಂಟ್ ಬ್ಲಾಂಕನ್ನೂ ಮುಚ್ಚಿದ್ರೆ ಗತಿ ಏನು ಅಂತ ರಿಪೇರಿನ ಅಕ್ಟೋಬರ್ ಮಧ್ಯಕ್ಕೆ ತಳ್ಳಿದ್ರು. ಎರಡು ದೇಶ ಸೇರಿ, ಗುಡ್ಡ ಜಾರಿದ ಕೆಲವೇ ದಿನದಲ್ಲಿ ಇಂಥ ತೀರ್ಮಾನ ಮಾಡ್ತು ಅಂದ್ರೆ ಮೆಚ್ಚಬೇಕು. ರೈಲು ಲೈನ್ ಮಾತ್ರ ಮತ್ತೆ ಓಡಿದ್ದು 2025ರ ಮಾರ್ಚ್ ಕೊನೆಗೆ, ಹತ್ತೊಂಬತ್ತು ತಿಂಗಳು. ಆ ಲೈನಲ್ಲೂ ಐತೋನ್‌ನಿಂದ ಟೂರಿನ್ ಹತ್ರ ಒರ್ಬಸ್ಸಾನೊಗೆ 2003ರಿಂದ ಲಾರಿ ಹೊರೋ ರೈಲು ಓಡ್ತಿತ್ತು, ಗುಡ್ಡ ಜಾರಿದ ದಿನವೇ ಅದೂ ನಿಂತಿತು. ಪೂರ್ತಿ ಕಾರಿಡಾರ್ ಪ್ಲ್ಯಾನ್ ಮಾಡೋರು ಇಂಥ ಸರ್ವೀಸ್‌ಗಳನ್ನ ಒಂದೊಂದಾಗಿ ಅದರದರ ನಷ್ಟ ನೋಡಿ ತೂಗ್ತಾರೆ, ಎಲ್ಲಾ ಒಟ್ಟಿಗೆ ಇಟ್ಟು, ಇದು ಹೋದ್ರೆ ಇನ್ನೆಷ್ಟು ಬಾಗಿಲು ಉಳಿಯುತ್ತೆ ಅಂತ ಎಣಿಸೋರು ಕಾಣಲ್ಲ.

ಕ್ರೇನ್ ಟರ್ಮಿನಲ್ ಮೂಲಕ ಹೋಗೋ ಟ್ರೇಲರ್, ಡ್ರೈವರ್ ಇಲ್ದೆ, 5ಕ್ಕೆ 3.5. ರೋಲಾ ನಿಂತಾಗ ಎಲ್ಲರೂ ತೋರಿಸಿದ ದಾರಿ ಇದು. ಟ್ರೇಲರ್ ಮಾತ್ರ ಎತ್ತಿ, ಅದರ ಗಾಲಿ ಕೂರೋಕೆ ತಗ್ಗು ಜಾಗ ಇರೋ ಪಾಕೆಟ್ ವ್ಯಾಗನ್‌ಗೆ ಇಡ್ತಾರೆ, ಆಚೆ ಕಡೆ ಬುಸ್ತೊ ಆರ್ಸಿಜಿಯೊ, ನೊವಾರಾ, ವೆರೋನಾ ಟರ್ಮಿನಲ್‌ನಲ್ಲಿ ಇನ್ನೊಬ್ಬ ಡ್ರೈವರ್ ಬಂದು ಎಳ್ಕೊಂಡು ಹೋಗ್ತಾನೆ. ಟನ್ ಲೆಕ್ಕದಲ್ಲಿ ಖರ್ಚು ಕಮ್ಮಿ, ಕಾಸು ಬಾರದ ತೂಕ ಕಮ್ಮಿ, ದೊಡ್ಡ ಕಂಪನಿಗಳಿಗೆ ಹೇಳಿ ಮಾಡಿಸಿದ ಹಂಗಿದೆ. ಆದ್ರೆ ಯುರೋಪಿನ ಬಹುಪಾಲು ಟ್ರೇಲರ್ ಕ್ರೇನಲ್ಲಿ ಎತ್ತೋ ಹಂಗೆ ಕಟ್ಟಿರಲ್ಲ. ಅಂಥದ್ದನ್ನೂ ಅಡ್ಡಕ್ಕೆ ಜಾರಿಸಿ ವ್ಯಾಗನ್‌ಗೆ ಸೇರಿಸೋ ಸಿಸ್ಟಮ್‌ಗಳು ಬಂದಿದಾವೆ, ಕಾರ್ಗೋಬೀಮರ್‌ನವರು ಜರ್ಮನಿಯ ಕಾಲ್ಡೆನ್‌ಕಿರ್ಖನ್‌ನಿಂದ ದೊಮೊದೊಸ್ಸೊಲಾಕ್ಕೆ ಓಡಿಸ್ತಾರೆ, ಸಿಂಪ್ಲಾನ್ ದಾರಿನೇ, ಟೆಕ್ನಿಕ್ ನನಗೆ ಬಹಳ ಇಷ್ಟ. ಆದ್ರೆ ಆ ಊರು ಡಚ್ ಗಡಿ ಹತ್ರ, ನಮ್ಮ ಸ್ಟುಟ್‌ಗಾರ್ಟ್ ಸುತ್ತಲಿನ ಲೋಡ್‌ಗೆ ಅಲ್ಲಿ ತನಕ ಉತ್ತರಕ್ಕೆ ಹೋಗಿ ವಾಪಸ್ ಬರೋದ್ರಲ್ಲಿ ಅರ್ಥ ಇಲ್ಲ. ಒಂದೇ ಲಾರಿ ಇಟ್ಕೊಂಡಿರೋ ಮಾಲೀಕನಿಗೆ ಈ ದಾರಿ ಯಾವುದೂ ಇಲ್ಲ, ಅವನು ರೋಲಾದಿಂದ ಇಳಿದು ಸೀದಾ ಗೊಥಾರ್ಡ್ ರಸ್ತೆಗೇ ಬಂದಿದಾನೆ. 2024ರಲ್ಲಿ ರೋಲಾ ಹೊತ್ತಿದ್ದು 70 ಸಾವಿರದ ಮೇಲೆ ಲಾರಿ, ಅದರಲ್ಲಿ ಎಷ್ಟೋ ಪಾಲು ಈಗ ಆ ಕಣಿವೆಗಳಲ್ಲೇ ಹೊಗೆ ಬಿಡುತ್ತೆ.

ನಮ್ಮ ಕಡೆ ಈಗ ಏನು ಮಾಡ್ತೀವಿ ಅಂದ್ರೆ, ಟೂರಿನ್, ಮಿಲಾನ್ ಇರೋ ಪಿಯೆಮೊಂಟೆ, ಲೊಂಬಾರ್ದಿ ಕಡೆ ಅರ್ಜೆಂಟ್ ಇಲ್ಲದ ಲೋಡ್ ಕ್ರೇನ್ ಟರ್ಮಿನಲ್‌ಗೆ, ಅರ್ಜೆಂಟ್ ಇದ್ರೆ ಸ್ವಿಸ್ ರಸ್ತೆಗೆ ಮೊದಲೇ ಟಿ2 ಮಾಡಿಸಿ, ವೆರೋನಾ ಇರೋ ವೆನೆತೊ ಕಡೆದು ಬ್ರೆನ್ನರ್. ಜೊತೆಗೆ ಬ್ರೆನ್ನರ್‌ಗೆ ಹೋಗೋ ಲೋಡಲ್ಲಿ ಹತ್ತಕ್ಕೆ ಒಂದನ್ನಾದ್ರೂ ಬೇಕಂತಲೇ ಟೌವರ್ನ್ ಕಡೆ ಕಳಿಸ್ತೀವಿ, ಬ್ರೆನ್ನರ್ ಚೆನ್ನಾಗಿ ಓಡ್ತಿರೋ ದಿನವೂ. ಡೀಸೆಲ್ ಜಾಸ್ತಿ, ಟೋಲ್ ಜಾಸ್ತಿ, ಅಕೌಂಟ್ಸ್‌ನವರು ಪ್ರತಿ ತಿಂಗಳು ಕೇಳ್ತಾರೆ. ಆದ್ರೆ ಡ್ರೈವರ್‌ಗೆ ಅಲ್ಲಿ ಪಾರ್ಕಿಂಗ್ ಎಲ್ಲಿ ಸಿಗುತ್ತೆ, ತಾರ್ವಿಸಿಯೊ ದಾಟೋಕೆ ಶುಕ್ರವಾರ ಎಷ್ಟು ಹೊತ್ತು, ಇಳಿಸೋ ಕಡೆಯವರು ಲೇಟಾಗಿ ಬಂದ್ರೆ ತಗೊಳ್ತಾರಾ ಅನ್ನೋದೆಲ್ಲಾ ಗೊತ್ತಿರುತ್ತೆ. ಲೂಗ್ ಸೇತುವೆ ಬಂದ್ ಅಂತ ಮೆಸೇಜ್ ಬಂದ ಬೆಳಿಗ್ಗೆ ಇದನ್ನೆಲ್ಲಾ ಹೊಸದಾಗಿ ಕಲಿಯೋಕಾಗಲ್ಲ.

ಲಾರಿ ಇಟ್ಕೊಂಡಿರೋರಿಗೆ, ಇಲ್ಲಿ ಟ್ರಾನ್ಸ್‌ಪೋರ್ಟ್ ಶುರು ಮಾಡ್ಬೇಕು ಅಂತಿರೋ ನಮ್ಮವರಿಗೆ ಒಂದೇ ಮಾತು, ಮುಂದಿನ ಟ್ರೇಲರ್ ತಗೊಳ್ಳುವಾಗ ಕ್ರೇನ್ ಹಿಡಿ ಇರೋದೇ ತಗೊಳ್ಳಿ. ಕೆಳಗೆ ಪಕ್ಕದಲ್ಲಿ ನಾಲ್ಕು ಕಡೆ ಕ್ರೇನ್ ಕೈ ಹಿಡಿಯೋ ಗಟ್ಟಿ ಅಂಚು ಇರುತ್ತೆ, ರೈಲಿಗೆ ಎಷ್ಟು ಎತ್ತರದ ವರೆಗೆ ಸರಿ ಅಂತ ಪಿ ಅಕ್ಷರದ ಕೋಡ್ ಪ್ಲೇಟ್ ಇರುತ್ತೆ. ಬೆಲೆ ಸ್ವಲ್ಪ ಜಾಸ್ತಿ, ಕೆಲವು ನೂರು ಕಿಲೋ ತೂಕ ಜಾಸ್ತಿ, ಅಷ್ಟು ಸರಕು ಕಮ್ಮಿ ಹಾಕ್ಬೇಕಾಗುತ್ತೆ. ತಗೊಂಡ ಮೇಲೆ ಹತ್ತಿರದ ಟರ್ಮಿನಲ್‌ನಲ್ಲಿ ಒಂದು ಸಾಧಾರಣ ವಾರದಲ್ಲಿ, ಏನೂ ಬಂದ್ ಇಲ್ಲದಾಗಲೇ, ಒಂದು ಲೋಡ್ ಕಳಿಸಿ ನೋಡಿ, ಬುಕಿಂಗ್ ಯಾರು ಮಾಡ್ತಾರೆ, ಆಚೆ ಕಡೆ ಎಳೆಯೋರು ಯಾರು ಅಂತ ಆಗ್ಲೇ ನಂಬರ್ ಸೇವ್ ಮಾಡ್ಕೊಳ್ಳಿ.